ಹತ್ತು–ಒಂದು: ಆ ಒಂದಕ್ಕೆ ಎಷ್ಟು ಅಂಕ?

1952ನೇ ಇಸವಿ, ಜುಲೈ 15. ಫಿನ್‌ಲ್ಯಾಂಡ್‌ನ ಹೆಲ್ಸಿಂಕಿ ನಗರ. ಒಲಿಂಪಿಕ್ಸ್ ಫುಟ್‌ಬಾಲ್. ಒಂದು ಕಡೆ ಭಾರತ, ಇನ್ನೊಂದು ಕಡೆ ಯುಗೊಸ್ಲಾವಿಯಾ. ಆಟ ಮುಗಿದಾಗ ಉಳಿದದ್ದು ಎರಡೇ ಸಂಖ್ಯೆ. 10 ಮತ್ತು 1. ಹತ್ತು ಅವರದ್ದು. ಒಂದು ನಮ್ಮದು.

ಈಗ ನೀವೇ ಹೇಳಿ. ಆ ಭಾರತ ತಂಡಕ್ಕೆ ಹತ್ತಕ್ಕೆ ಎಷ್ಟು ಮಾರ್ಕ್ಸ್ ಕೊಡ್ತೀರಿ? ಒಂದು? ಸೊನ್ನೆ? ಹತ್ತು ಗೋಲು ತಿಂದವರಿಗೆ ಮಾರ್ಕ್ಸ್ ಬೇರೆ ಕೇಡು ಅಂತೀರಾ?

ಸರಿ. ಇನ್ನೊಂದು ಪ್ರಶ್ನೆ. ಆ ಒಂದು ಗೋಲು ಹೊಡೆದವರು ಯಾರು ಗೊತ್ತಾ? ಅಹ್ಮದ್ ಖಾನ್. ನಮ್ಮ ಬೆಂಗಳೂರಿನ ಹುಡುಗ. ತಂಡ ಹತ್ತು ಗೋಲಿನಿಂದ ಮುಳುಗಿಹೋಗಿದ್ದಾಗಲೂ, ಆ ಸಲದ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ತಂಡದ ಬಲೆಯೊಳಗೆ ಚೆಂಡು ಹಾಕಿದ ಮನುಷ್ಯ. ಅವರಿಗೆ ಎಷ್ಟು ಕೊಡ್ತೀರಿ? ತಂಡಕ್ಕೆ ಒಂದು ಕೊಟ್ಟ ಕೈಯಲ್ಲೇ ಅವರಿಗೂ ಒಂದು ಕೊಡೋಕಾಗುತ್ತಾ?

ಇಲ್ಲೇ ಇರೋದು ವಿಷಯ. ಅಂಕ ಕೊಡೋದು ಸುಲಭ. ಅಂಕ ಓದೋದು ಕಷ್ಟ. ಕರ್ನಾಟಕದ ಫುಟ್‌ಬಾಲ್ ಚರಿತ್ರೆಯನ್ನು ನಾವು ಇಷ್ಟು ವರ್ಷ ಓದಿದ್ದು ಬರೀ ಗೋಲಿನ ಲೆಕ್ಕದಲ್ಲಿ. ಹಾಗೆ ಓದಿದ್ದರಿಂದ ಯಾರನ್ನು ಕಳೆದುಕೊಂಡೆವು ಅನ್ನೋದನ್ನು ಇವತ್ತು ನೋಡೋಣ.

ಇವತ್ತಿನ ಕಾಲ ನಿಮಗೆ ಗೊತ್ತೇ ಇದೆ. ಪಂದ್ಯ ಮುಗಿದು ಐದು ನಿಮಿಷ ಆಗಿರಲ್ಲ, ಮೊಬೈಲಿನಲ್ಲಿ ಪ್ರತಿ ಆಟಗಾರನ ಹೆಸರಿನ ಮುಂದೆ ಒಂದು ಸಂಖ್ಯೆ ಬಂದು ಕೂತಿರುತ್ತೆ. ಇವನಿಗೆ 7.2, ಅವನಿಗೆ 5.9. ಎಷ್ಟು ಪಾಸ್ ಕೊಟ್ಟ, ಎಷ್ಟು ಸಲ ಚೆಂಡು ಕಸಿದ, ಎಷ್ಟು ಕಿಲೋಮೀಟರ್ ಓಡಿದ, ಎಲ್ಲವೂ ಪಟ್ಟಿಯಲ್ಲಿ. ಪತ್ರಿಕೆಯವರು ಆಟಗಾರನಿಗೆ ಹತ್ತಕ್ಕೆ ಇಷ್ಟು ಅಂತ ಕೊಡುವ ಪದ್ಧತಿ ಹಳೆಯದು. ಇಟಲಿಯಲ್ಲಿ ‘ಗಜೆಟ್ಟಾ ಡೆಲ್ಲೊ ಸ್ಪೋರ್ಟ್’, ಫ್ರಾನ್ಸ್‌ನಲ್ಲಿ ‘ಲೆಕಿಪ್’ ಅನ್ನೋ ಕ್ರೀಡಾ ಪತ್ರಿಕೆಗಳು ಇದಕ್ಕೇ ಹೆಸರುವಾಸಿ. ಲೆಕಿಪ್‌ನಲ್ಲಿ ಹತ್ತಕ್ಕೆ ಹತ್ತು ಸಿಗೋದು ಎಷ್ಟು ಅಪರೂಪ ಅಂದ್ರೆ, ಯಾರಿಗಾದರೂ ಸಿಕ್ಕಿದರೆ ಅದೇ ಒಂದು ಸುದ್ದಿ. ಕಂಪ್ಯೂಟರ್ ಲೆಕ್ಕ ಜೋರಾಗಿದ್ದು ಆಮೇಲೆ. ಇಂಗ್ಲೆಂಡ್‌ನಲ್ಲಿ ‘ಆಪ್ಟಾ’ ಕಂಪನಿ ಪ್ರೀಮಿಯರ್ ಲೀಗ್‌ನ ಅಂಕಿಅಂಶ ಬರೆದಿಡೋಕೆ ಶುರು ಮಾಡಿದ್ದು 1996ರಲ್ಲಿ.

ಈ ಸಂಖ್ಯೆಗಳನ್ನು ಹೇಗೆ ಓದಬೇಕು ಅಂತ ತಿಳಿಯೋಕೆ ಇಟಲಿಗೋ ಇಂಗ್ಲೆಂಡಿಗೋ ಹೋಗಬೇಕಾಗಿಲ್ಲ ಸ್ವಾಮಿ. ಬೆಂಗಳೂರು–ಮೈಸೂರು ಹೆದ್ದಾರಿ ಹಿಡಿದು ಮದ್ದೂರು ದಾಟಿದರೆ ಸಾಕು. ಗೆಜ್ಜಲಗೆರೆ ಸಿಗುತ್ತೆ. ಅಲ್ಲಿ ಮನ್‌ಮುಲ್ ಡೇರಿ ಇದೆ. ಮಂಡ್ಯ ಜಿಲ್ಲೆಯ ಹಳ್ಳಿ ಹಳ್ಳಿಯ ಹಾಲು ಬಂದು ಸೇರೋ ಜಾಗ. ಹಾಲಿಗೆ ಅಂಕ ಕೊಡೋದು ಅಂದ್ರೆ ಏನು ಅಂತ ನಮ್ಮ ರೈತರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬೆಳಗ್ಗೆ, ಸಂಜೆ ಎರಡು ಹೊತ್ತೂ ಅವರ ಹಾಲಿಗೆ ಪರೀಕ್ಷೆ. ಆ ಅಂಕದ ಮೇಲೇ ಅವರ ಬಟವಾಡೆ.

ಹಾಲಿಗೆ ನೀರು ಹಾಕಿದ್ದಾರಾ ಅಂತ ನೋಡೋಕೆ ಲ್ಯಾಕ್ಟೋಮೀಟರ್ ಇದೆ. ಹಾಲಿನಲ್ಲಿ ಬಿಟ್ಟರೆ ತೇಲುತ್ತೆ, ಡಿಗ್ರಿ ತೋರಿಸುತ್ತೆ. ನೀರು ಬೆರೆತರೆ ಡಿಗ್ರಿ ಇಳಿಯುತ್ತೆ. ಸರಿ. ಆದರೆ ಕೆನೆ ತೆಗೆದರೆ ಏನಾಗುತ್ತೆ? ಕೆನೆ ಹಗುರ. ಅದನ್ನು ತೆಗೆದರೆ ಉಳಿದ ಹಾಲಿನ ಡಿಗ್ರಿ ಏರುತ್ತೆ! ಅಂದ್ರೆ ಒಬ್ಬ ಕಿಲಾಡಿ ಮೊದಲು ಕೆನೆ ತೆಗೆದು, ಆಮೇಲೆ ಅಳತೆ ನೋಡಿ ನೀರು ಹಾಕಿದರೆ, ಲ್ಯಾಕ್ಟೋಮೀಟರ್ ‘ಹಾಲು ಚೆನ್ನಾಗಿದೆ’ ಅಂತಲೇ ಹೇಳುತ್ತೆ. ಎರಡು ಮೋಸ ಸೇರಿ ಒಂದು ಒಳ್ಳೆ ಅಂಕ! ಅದಕ್ಕೇ ಡೇರಿಯವರು ಒಂದೇ ಸಂಖ್ಯೆ ನಂಬಲ್ಲ. ಫ್ಯಾಟ್ ಬೇರೆ ನೋಡ್ತಾರೆ, ಎಸ್‌ಎನ್‌ಎಫ್ ಬೇರೆ ನೋಡ್ತಾರೆ. ಒಂದು ಸಂಖ್ಯೆ ಹೇಳಿದ್ದನ್ನು ಇನ್ನೊಂದು ಸಂಖ್ಯೆಯಿಂದ ಕೇಳಿ ತಿಳ್ಕೊಳ್ತಾರೆ.

ಇದನ್ನು ತಲೆಯಲ್ಲಿ ಇಟ್ಟುಕೊಳ್ಳಿ. ಈಗ ಫುಟ್‌ಬಾಲ್‌ಗೆ ಬರೋಣ.

ಇಂಗ್ಲೆಂಡ್‌ನಲ್ಲಿ ಚಾರ್ಲ್ಸ್ ರೀಪ್ ಅಂತ ಒಬ್ಬರಿದ್ದರು. ವಾಯುಪಡೆಯ ಲೆಕ್ಕಪತ್ರ ವಿಭಾಗದ ಅಧಿಕಾರಿ. 1950ರ ಮಾರ್ಚ್‌ನಲ್ಲಿ ಸ್ವಿಂಡನ್ ಟೌನ್ ತಂಡದ ಪಂದ್ಯ ನೋಡುತ್ತಾ ಕೂತಿದ್ದಾಗ, ಪೆನ್ಸಿಲ್ಲು ಪುಸ್ತಕ ತೆಗೆದು ಪ್ರತಿ ದಾಳಿಯನ್ನೂ ಬರೆದುಕೊಳ್ಳೋಕೆ ಶುರು ಮಾಡಿದರು. ಮುಂದೆ ಎಷ್ಟೋ ವರ್ಷ ಬರೆದರು. 1968ರಲ್ಲಿ ಅವರ ಲೆಕ್ಕ ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿಯ ಪತ್ರಿಕೆಯಲ್ಲೇ ಬಂತು. ಅವರು ಕಂಡದ್ದು ಏನು? ನೂರು ಗೋಲಿನಲ್ಲಿ ಸುಮಾರು 80 ಗೋಲು ಮೂರು ಅಥವಾ ಅದಕ್ಕಿಂತ ಕಡಿಮೆ ಪಾಸ್‌ನಲ್ಲಿ ಬರುತ್ತೆ. ಹಾಗಾದ್ರೆ ಪಾಸ್ ಆಡಿಕೊಂಡು ಕೂರೋದು ದಂಡ, ಚೆಂಡನ್ನು ಉದ್ದಕ್ಕೆ ಒದೆಯಿರಿ ಅಂದರು. ಇಂಗ್ಲೆಂಡ್‌ನ ಎಷ್ಟೋ ತರಬೇತುದಾರರು ಈ ಮಾತನ್ನೇ ಹಿಡಿದುಕೊಂಡರು.

ಎಲ್ಲಿ ಎಡವಟ್ಟು? ಎರಡನೇ ಸಂಖ್ಯೆ ಕೇಳಲಿಲ್ಲ! ಫುಟ್‌ಬಾಲ್‌ನಲ್ಲಿ ಆಗೋ ಎಲ್ಲ ದಾಳಿಗಳಲ್ಲಿ ಮೂರು ಪಾಸ್‌ನೊಳಗೆ ಮುಗಿದುಹೋಗೋದು ಎಷ್ಟು? ರೀಪ್ ಅವರ ಲೆಕ್ಕದ ಪ್ರಕಾರವೇ ನೂರಕ್ಕೆ 90ಕ್ಕಿಂತ ಜಾಸ್ತಿ. ಅಂದ್ರೆ 90ಕ್ಕೂ ಹೆಚ್ಚು ಸಲ ಪ್ರಯತ್ನ ಮಾಡಿದವರು ಗಳಿಸಿದ್ದು 80 ಗೋಲು. ಉಳಿದ ಹತ್ತಕ್ಕೂ ಕಡಿಮೆ ಸಲ ಪ್ರಯತ್ನ ಮಾಡಿದವರು, ಅಂದ್ರೆ ತಾಳ್ಮೆಯಿಂದ ಪಾಸ್ ಆಡಿದವರು, ಗಳಿಸಿದ್ದು 20 ಗೋಲು. ಯಾರು ವಾಸಿ? ಲೆಕ್ಕ ಸರಿ ಇತ್ತು, ಓದಿದ್ದು ಉಲ್ಟಾ. ಕೆನೆ ತೆಗೆದು ನೀರು ಹಾಕಿದ ಹಾಲಿಗೆ ಡಿಗ್ರಿ ನೋಡಿ ಭೇಷ್ ಅಂದ ಹಾಗೆ.

ಈಗ ಈ ಎರಡನೇ ಸಂಖ್ಯೆಯ ಪಾಠ ಹಿಡಿದು ನಮ್ಮವರ ಲೆಕ್ಕ ತೆಗೆಯೋಣ.

1948, ಜುಲೈ 31. ಲಂಡನ್ ಒಲಿಂಪಿಕ್ಸ್. ಸ್ವಾತಂತ್ರ್ಯ ಬಂದು ಇನ್ನೂ ಒಂದು ವರ್ಷ ತುಂಬಿಲ್ಲ. ಸ್ವತಂತ್ರ ಭಾರತದ ತಂಡ ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಮೊದಲ ಪಂದ್ಯ ಆಡಿದ್ದು ಫ್ರಾನ್ಸ್ ವಿರುದ್ಧ. ನಾಯಕ ನಾಗಾ ಜನಾಂಗದ ಡಾಕ್ಟರ್ ತಾಲಿಮೆರೆನ್ ಆವೊ. ಬಹಳಷ್ಟು ಜನ ಬರಿಗಾಲಲ್ಲಿ ಆಡಿದರು. ಫಲಿತಾಂಶ: ಫ್ರಾನ್ಸ್ 2, ಭಾರತ 1. ಭಾರತದ ಆ ಗೋಲು ಹೊಡೆದದ್ದು ಸಾರಂಗಪಾಣಿ ರಾಮನ್. ಅವರೂ ಬೆಂಗಳೂರಿನವರೇ. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ಸ್ ಗೋಲು ನಮ್ಮ ಬೆಂಗಳೂರಿನ ಕಾಲಿನದ್ದು ಸ್ವಾಮಿ! ಬೆಂಗಳೂರಿನಲ್ಲಿ ಎಷ್ಟು ಜನಕ್ಕೆ ಗೊತ್ತು?

‘ಬರಿಗಾಲಲ್ಲಿ ಆಡಿ ಸೋತರು’ ಅಂತ ಒಂದೇ ಮಾತಿನಲ್ಲಿ ಆ ಪಂದ್ಯವನ್ನು ಮುಗಿಸಿಬಿಡ್ತಾರೆ. ಎರಡನೇ ಸಂಖ್ಯೆ ಕೇಳಿ. ಆ ಪಂದ್ಯದಲ್ಲಿ ಭಾರತಕ್ಕೆ ಸಿಕ್ಕ ಪೆನಾಲ್ಟಿ ಎಷ್ಟು? ಎರಡು. ಗೋಲಾದದ್ದು? ಸೊನ್ನೆ. ಇವತ್ತಿನ ಲೆಕ್ಕದವರು ಪ್ರತಿ ಒದೆತಕ್ಕೂ ಅದು ಗೋಲಾಗುವ ಸಾಧ್ಯತೆ ಎಷ್ಟು ಅಂತ ಬೆಲೆ ಕಟ್ಟುತ್ತಾರೆ. ಪೆನಾಲ್ಟಿಗೆ ಸುಮಾರು ಮುಕ್ಕಾಲು ಗೋಲಿನ ಬೆಲೆ. ನಾಲ್ಕು ಹೊಡೆದರೆ ಮೂರು ಒಳಗೆ ಹೋಗುತ್ತೆ ಅನ್ನೋ ಅಂದಾಜು. ಎರಡು ಪೆನಾಲ್ಟಿ ಅಂದ್ರೆ ಒಂದೂವರೆ ಗೋಲು. ಅದಕ್ಕೆ ರಾಮನ್ ಗೋಲು ಸೇರಿಸಿ. ಸೋಲುವ ತಂಡದ ಲೆಕ್ಕವಾ ಇದು? ಗೆಲ್ಲಬಹುದಾಗಿದ್ದ ಪಂದ್ಯ ಕೈಬಿಟ್ಟು ಹೋದ ಲೆಕ್ಕ. ಫ್ರಾನ್ಸ್ ಎರಡನೇ ಗೋಲು ಹೊಡೆದದ್ದೂ ಆಟ ಇನ್ನೇನು ಮುಗೀತು ಅನ್ನೋ ಹೊತ್ತಿಗೆ. 2–1 ಅನ್ನೋ ಸಂಖ್ಯೆ ಇದ್ಯಾವುದನ್ನೂ ಹೇಳಲ್ಲ.

ಇನ್ನು ಹೆಲ್ಸಿಂಕಿಯ 10–1. ಮೊದಲು ಕೇಳಬೇಕಾದ ಪ್ರಶ್ನೆ: ಯಾರ ಎದುರು? ಅದೇ ಯುಗೊಸ್ಲಾವಿಯಾ ಮುಂದಿನ ಸುತ್ತಿನಲ್ಲಿ ಸೋವಿಯತ್ ಒಕ್ಕೂಟದ ಜೊತೆ 5–5 ಡ್ರಾ ಮಾಡಿ, ಮರುಪಂದ್ಯದಲ್ಲಿ ಗೆದ್ದಿತು. ಫೈನಲ್‌ಗೆ ಹೋಗಿ, ಪುಷ್ಕಾಶ್ ಇದ್ದ ಹಂಗೆರಿಗೆ 2–0ರಿಂದ ಸೋತಿತು. ಆ ಕಾಲದ ಹಂಗೆರಿಗೆ ಸೋಲದವರು ಯಾರು ಹೇಳಿ? ಅಂಥ ಯುಗೊಸ್ಲಾವಿಯಾದ ಎದುರು ಚಳಿ ದೇಶದಲ್ಲಿ, ಬೂಟು ರೂಢಿಯಿಲ್ಲದ ನಮ್ಮ ಹುಡುಗರು ನಿಂತಿದ್ದರು. ಸೋಲು ಸೋಲೇ, ಅದನ್ನು ಮುಚ್ಚಿಡಬೇಕಾಗಿಲ್ಲ. ಆ ಸೋಲಿನ ನಂತರವೇ ಬೂಟು ಕಡ್ಡಾಯ ಅನ್ನೋ ತೀರ್ಮಾನಕ್ಕೆ ನಮ್ಮ ಫುಟ್‌ಬಾಲ್ ಸಂಸ್ಥೆ ಬಂತು.

ನಾಲ್ಕು ವರ್ಷ ಬಿಟ್ಟು ನೋಡಿ. 1956, ಮೆಲ್ಬರ್ನ್. ತರಬೇತುದಾರ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ. ಸೆಮಿಫೈನಲ್‌ನಲ್ಲಿ ಎದುರಿಗೆ ಬಂದದ್ದು ಯಾರು? ಅದೇ ಯುಗೊಸ್ಲಾವಿಯಾ! ಮೊದಲ ಗೋಲು ಹೊಡೆದದ್ದು ಭಾರತ. ಕೊನೆಗೆ 4–1ರಿಂದ ಸೋತರು. ಬರೀ ಫಲಿತಾಂಶ ನೋಡೋರಿಗೆ ಎರಡೂ ಸೋಲು. ಒಬ್ಬನೇ ಎದುರಾಳಿ ಇಟ್ಟುಕೊಂಡು ಅಳೆದರೆ? ಅಂತರ ಒಂಬತ್ತರಿಂದ ಮೂರಕ್ಕೆ ಇಳಿದಿದೆ. ಫ್ರಾನ್ಸ್ ಲೆಕ್ಕವನ್ನೂ ಹಾಗೇ ನೋಡಿ. 1948ರಲ್ಲಿ 2–1 ಸೋಲು, 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಅದೇ ಫ್ರಾನ್ಸ್ ಜೊತೆ 1–1 ಡ್ರಾ. ತಂಡ ಬೆಳೀತಾ ಇತ್ತು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಆದರೆ ಎರಡನೇ ಸಂಖ್ಯೆ ನಮ್ಮ ಪರವಾಗಿದ್ದಾಗ ಮಾತ್ರ ಕೇಳೋದು ನ್ಯಾಯ ಅಲ್ಲ. ಮೆಲ್ಬರ್ನ್‌ನಲ್ಲಿ ಭಾರತ ನಾಲ್ಕನೇ ಸ್ಥಾನ ಪಡೆಯಿತು ಅಂತ ನಾವೆಲ್ಲ ಎದೆ ಉಬ್ಬಿಸಿ ಹೇಳ್ತೀವಿ. ಅಲ್ಲಿ ಎಷ್ಟು ಪಂದ್ಯ ಗೆದ್ದರು? ಒಂದು. ಮೊದಲ ಸುತ್ತಿನಲ್ಲಿ ಎದುರಾಳಿ ಹಂಗೆರಿ ಬರಲೇ ಇಲ್ಲ. ಆಸ್ಟ್ರೇಲಿಯಾವನ್ನು 4–2ರಿಂದ ಸೋಲಿಸಿದರು, ನೆವಿಲ್ ಡಿಸೋಜಾ ಹ್ಯಾಟ್ರಿಕ್ ಹೊಡೆದರು. ಆಮೇಲೆ ಎರಡು ಸೋಲು. ಸಾಧನೆ ದೊಡ್ಡದೇ. ಆದರೆ ನಾಲ್ಕನೇ ಸ್ಥಾನ ಅನ್ನೋ ಪದದಷ್ಟು ದೊಡ್ಡದಲ್ಲ. ತಕ್ಕಡಿ ಎರಡೂ ಕಡೆಗೂ ಒಂದೇ ಥರ ತೂಗಬೇಕು.

ಈಗ ನಾನು ಹೇಳೋಕೆ ಹೊರಟ ಮನುಷ್ಯನ ಹತ್ತಿರ ಬರ್ತೀನಿ. 1956 ಮತ್ತು 1960, ಎರಡೂ ಒಲಿಂಪಿಕ್ಸ್ ತಂಡದಲ್ಲಿದ್ದ ಮೈಸೂರು ರಾಜ್ಯದ ಆಟಗಾರ ಮರಿಯಪ್ಪ ಕೆಂಪಯ್ಯ. ಕೆಂಪಯ್ಯ! ಈ ಹೆಸರಿನವರು ಮದ್ದೂರು, ಮಳವಳ್ಳಿ ಕಡೆ ಊರಿಗೊಬ್ಬರು ಸಿಗ್ತಾರೆ. ಇವರು ಹಾಫ್‌ಬ್ಯಾಕ್. ಎದುರಾಳಿಯ ಕಾಲಿನಿಂದ ಚೆಂಡು ಕಸಿದು ಮುಂದಿನವರಿಗೆ ದಾಟಿಸೋದು ಆ ಜಾಗದವರ ಕೆಲಸ. ಗೋಲು ಹೊಡೆಯೋದು ಅವರ ಕೆಲಸ ಅಲ್ಲ. ಈಗ ಆ ಕಾಲದ ದಾಖಲೆ ತೆಗೆದು ನೋಡಿ. ಗೋಲು ಹೊಡೆದವರ ಹೆಸರು ನಿಮಿಷದ ಸಮೇತ ಸಿಗುತ್ತೆ. ಕೆಂಪಯ್ಯ ಎಷ್ಟು ಸಲ ಚೆಂಡು ಕಸಿದರು? ಎಷ್ಟು ದಾಳಿ ತಡೆದರು? ಬರೆದವರಿಲ್ಲ. ಪಟ್ಟಿಯಲ್ಲಿ ಇರೋದು ಒಂದೇ ಕಾಲಂ, ಗೋಲು. ಅಲ್ಲಿ ಅವರ ಮುಂದೆ ಖಾಲಿ.

ರಾಮನ್, ಅಹ್ಮದ್ ಖಾನ್ ಅವರ ಹೆಸರು ಇಷ್ಟಾದರೂ ಉಳಿದದ್ದು ಅವರು ಗೋಲು ಹೊಡೆದದ್ದರಿಂದ. ಅಹ್ಮದ್ ಖಾನ್ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿನ ‘ಪಂಚಪಾಂಡವ’ರಲ್ಲಿ ಒಬ್ಬರು, 1951ರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡದವರು. 2017ರ ಆಗಸ್ಟ್‌ನಲ್ಲಿ ತೀರಿಕೊಂಡಾಗ ಕಲ್ಕತ್ತೆಯವರು ನೆನೆದಷ್ಟು ಅವರ ಊರಿನವರು ನೆನೆದೆವಾ? ಗೋಲು ಹೊಡೆದವರ ಗತಿಯೇ ಇದು ಅಂದ್ರೆ, ಗೋಲು ತಡೆದವರ ಗತಿ ಏನು?

ಇನ್ನು ತಂಡದ ಲೆಕ್ಕ. ರಾಜ್ಯ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿ ಶುರುವಾದದ್ದು 1941ರಲ್ಲಿ. ನಮ್ಮ ಮೈಸೂರು ತಂಡ ಗೆದ್ದದ್ದು ನಾಲ್ಕು ಸಲ: 1946–47, 1952–53, 1967–68, 1968–69. ನಾಲ್ಕು ಅಂದ್ರೆ ಕಡಿಮೆ ಅನ್ನಿಸುತ್ತೆ. 30ಕ್ಕೂ ಹೆಚ್ಚು ಸಲ ಗೆದ್ದ ಬಂಗಾಳದ ಪಕ್ಕದಲ್ಲಿಟ್ಟರೆ ಇನ್ನೂ ಕಡಿಮೆ. ಎರಡನೇ ಸಂಖ್ಯೆ ಕೇಳೋಣ. ಆ ನಾಲ್ಕೂ ಫೈನಲ್‌ನಲ್ಲಿ ಸೋತವರು ಯಾರು? ನಾಲ್ಕೂ ಸಲ ಬಂಗಾಳ! ದೇಶದ ಫುಟ್‌ಬಾಲ್ ರಾಜಧಾನಿಯನ್ನು ನಾಲ್ಕು ಫೈನಲ್‌ನಲ್ಲಿ ಮಣಿಸಿದವರು ನಮ್ಮವರು. ನಾಲ್ಕೂ ಒಂದೇ ಗೋಲಿನ ಅಂತರದ ಗೆಲುವು.

ಮೂರನೇ ಸಂಖ್ಯೆಯನ್ನೂ ಕೇಳಿಬಿಡೋಣ. ಆಟ ಎಲ್ಲಿ ನಡೀತು? ಮೂರು ಸಲ ಬೆಂಗಳೂರಿನಲ್ಲೇ. ಮನೆ ಅಂಗಳ, ಮನೆ ಜನ. ಹಾಗಾದ್ರೆ ಬೆಲೆ ಸ್ವಲ್ಪ ಇಳಿಸಬೇಕಾ? ಇಳಿಸಿ. ಆದರೆ ಅದೇ ಬೆಂಗಳೂರಿನಲ್ಲಿ 1962–63ರ ಫೈನಲ್‌ನಲ್ಲಿ ಬಂಗಾಳಕ್ಕೆ ಸೋತಿದ್ದೂ ಉಂಟು. ಊರ ಅಂಗಳವೇ ಗೆಲ್ಲಿಸೋದಾದ್ರೆ ಅವತ್ತೂ ಗೆಲ್ಲಬೇಕಿತ್ತು. ಇನ್ನು 1967–68ರ ಗೆಲುವು ಒಡಿಶಾದ ಕಟಕ್‌ನಲ್ಲಿ ಬಂದದ್ದು. ಬಂಗಾಳಕ್ಕೆ ಹತ್ತಿರ, ನಮಗೆ ದೂರ. ನನ್ನನ್ನು ಕೇಳಿದರೆ ನಾಲ್ಕರಲ್ಲಿ ಅತಿ ಹೆಚ್ಚು ಅಂಕ ಅದಕ್ಕೇ.

ಈ ತಂಡಗಳು ಎಲ್ಲಿಂದ ಬಂದವು? ಅಲಸೂರು, ಗೌತಮಪುರ, ಆಸ್ಟಿನ್ ಟೌನ್‌ನ ಗಲ್ಲಿಗಳಿಂದ. ಪೆಲೆಯ ಪ್ರತಿಮೆ ನಿಲ್ಲಿಸಿಕೊಂಡಿರುವ ಗೌತಮಪುರ ಇವತ್ತಿಗೂ ಇದೆ. 1937ರಲ್ಲಿ ಮುಂಬೈಯ ರೋವರ್ಸ್ ಕಪ್ಪನ್ನು ಮೊದಲ ಸಲ ಗೆದ್ದ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಅಲ್ಲಿಯವರೆಗೆ ಅದು ಬ್ರಿಟಿಷ್ ಪಲ್ಟನ್‌ಗಳ ಸೊತ್ತಾಗಿತ್ತು. ಆಮೇಲೆ ಎಚ್‌ಎಎಲ್, ಐಟಿಐ ಥರದ ಕಾರ್ಖಾನೆಗಳು ತಂಡ ಕಟ್ಟಿದವು. ಚೆನ್ನಾಗಿ ಆಡಿದರೆ ಒಂದು ಕೆಲಸ ಸಿಗುತ್ತೆ ಅನ್ನೋ ಭರವಸೆ ಬಡವರ ಮಕ್ಕಳನ್ನು ಮೈದಾನದಲ್ಲಿ ಹಿಡಿದಿಟ್ಟಿತ್ತು. ಆ ಭರವಸೆ ಸಡಿಲವಾದಂತೆ ಆಟವೂ ಸಡಿಲವಾಯ್ತು.

ಹೊಸ ಕಾಲದ ಒಂದು ಲೆಕ್ಕ ನೋಡಿ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲ ವರ್ಷವೇ ಐ–ಲೀಗ್ ಗೆದ್ದಿತು. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಆಯಿತು. 2017–18ರಲ್ಲಿ ಐಎಸ್‌ಎಲ್‌ಗೆ ಬಂತು. 18 ಪಂದ್ಯ, 13 ಗೆಲುವು, 40 ಅಂಕ. ಎರಡನೇ ಸ್ಥಾನದ ಚೆನ್ನೈಯಿನ್‌ಗಿಂತ 8 ಅಂಕ ಮುಂದೆ. 2018ರ ಮಾರ್ಚ್ 17, ಕಂಠೀರವ ಕ್ರೀಡಾಂಗಣ, ಫೈನಲ್. ಸುನಿಲ್ ಛೆಟ್ರಿ ಮೊದಲ ಹತ್ತು ನಿಮಿಷದೊಳಗೇ ಗೋಲು ಹೊಡೆದರು. ಊರು ಕುಣೀತು. ಆಮೇಲೆ? ಚೆನ್ನೈಯಿನ್‌ನ ಮೈಲ್ಸನ್ ಎರಡು ಕಾರ್ನರ್‌ಗೆ ಎರಡು ಸಲ ತಲೆ ಕೊಟ್ಟ. ಎರಡು ಗೋಲು. ಕೊನೆಗೆ 3–2, ಕಪ್ಪು ಚೆನ್ನೈಗೆ.

ಬೆಂಗಳೂರು ಕೆಟ್ಟ ತಂಡವಾ? 18 ಪಂದ್ಯದ ಲೆಕ್ಕ ಅಲ್ಲ ಅನ್ನುತ್ತೆ. ಚೆನ್ನೈ ಅದೃಷ್ಟದಿಂದ ಗೆದ್ದಿತಾ? ಎರಡು ಕಾರ್ನರ್‌ನಲ್ಲೂ ಒಬ್ಬನನ್ನೇ ಬಿಟ್ಟುಕೊಟ್ಟದ್ದನ್ನು ಅದೃಷ್ಟ ಅನ್ನೋಕಾಗಲ್ಲ. ತಂಡದ ಗುಣ ಹೇಳೋದು ಉದ್ದನೆಯ ಲೆಕ್ಕ. ಅವತ್ತು ಎಲ್ಲಿ ತಪ್ಪಿತು ಅಂತ ಹೇಳೋದು ಆ ದಿನದ ಲೆಕ್ಕ. ಮರುವರ್ಷ ಅದೇ ಮಾರ್ಚ್ 17ರಂದು ಮುಂಬೈಯಲ್ಲಿ ಗೋವಾವನ್ನು 1–0ರಿಂದ ಸೋಲಿಸಿ ಬೆಂಗಳೂರು ಕಪ್ ಗೆದ್ದಿತು. ಹೆಚ್ಚುವರಿ ಸಮಯದಲ್ಲಿ ಗೋಲು ಹೊಡೆದದ್ದು ರಾಹುಲ್ ಭೆಕೆ, ಒಬ್ಬ ಡಿಫೆಂಡರ್. ಹೇಗೆ ಬಂತು ಗೋಲು? ಕಾರ್ನರ್‌ಗೆ ತಲೆ ಕೊಟ್ಟು!

ಇನ್ನು 2023ರ ಮಾರ್ಚ್ 4. ಸೌದಿ ಅರೇಬಿಯಾದ ರಿಯಾದ್. ಸಂತೋಷ್ ಟ್ರೋಫಿ ಫೈನಲ್ ಮೊದಲ ಸಲ ದೇಶದ ಹೊರಗೆ. ಕರ್ನಾಟಕ 3, ಮೇಘಾಲಯ 2. ಮೂರೂ ಗೋಲು ಮೊದಲಾರ್ಧದಲ್ಲೇ: ಸುನಿಲ್ ಕುಮಾರ್, ಬೇಕೆ ಓರಾಂ, ರಾಬಿನ್ ಯಾದವ್. 54 ವರ್ಷದ ನಂತರ ಕಪ್ಪು ಮನೆಗೆ ಬಂತು. 1969ರಲ್ಲಿ ಗೆದ್ದಾಗ ನಮ್ಮ ರಾಜ್ಯದ ಹೆಸರು ಮೈಸೂರು. ಕರ್ನಾಟಕ ಅಂತ ಆದದ್ದು 1973ರ ನವೆಂಬರ್ 1ಕ್ಕೆ. ಅಂದ್ರೆ ಕರ್ನಾಟಕ ಅನ್ನೋ ಹೆಸರಿನಲ್ಲಿ ನಾವು ಆ ಟ್ರೋಫಿ ಗೆದ್ದದ್ದು ಅದೇ ಮೊದಲು, ಅದೂ ಹೆಸರಿಟ್ಟ 50ನೇ ವರ್ಷದಲ್ಲಿ! ಅಂತರ ಎಷ್ಟು? ಮತ್ತೆ ಒಂದೇ ಗೋಲು. ಐದು ಟ್ರೋಫಿ, ಐದಕ್ಕೂ ಒಂದೊಂದೇ ಗೋಲಿನ ಅಂತರ.

ಒಂದೇ ಗೋಲಿನಿಂದ ಗೆಲ್ಲೋ ತಂಡ ಅಂದ್ರೆ ಏನು ಅರ್ಥ? ಗೋಲು ಹೊಡೆದವನಷ್ಟೇ ಗೋಲು ತಡೆದವನೂ ಗೆಲ್ಲಿಸಿದ್ದಾನೆ ಅಂತ. ರಿಯಾದ್‌ನ ದ್ವಿತೀಯಾರ್ಧ ನೋಡಿ. ನಮ್ಮವರು ಒಂದೂ ಗೋಲು ಹೊಡೆಯಲಿಲ್ಲ. ಮೇಘಾಲಯ ಒಂದು ಹೊಡೆದು ಮೈಮೇಲೆ ಬಂತು. ಇನ್ನೊಂದು ಬಿಟ್ಟಿದ್ದರೆ ಕಪ್ಪು ಕೈತಪ್ಪುವ ಹಾಗಿತ್ತು. ಅದು ಆಗದಂತೆ ನೋಡಿಕೊಂಡವರ ಹೆಸರು ಗೋಲಿನ ಪಟ್ಟಿಯಲ್ಲಿ ಇಲ್ಲ. 1967–68ರಲ್ಲಿ ಕಟಕ್‌ನಲ್ಲಿ ಬಂಗಾಳವನ್ನು ಸೊನ್ನೆಗೆ ನಿಲ್ಲಿಸಿದವರ ಹೆಸರೂ ಇಲ್ಲ. ನಮ್ಮ ಐದೂ ಟ್ರೋಫಿಯಲ್ಲಿ ಅರ್ಧ ಪಾಲು ಕೆಂಪಯ್ಯನಂಥವರದ್ದು, ಆ ಅರ್ಧಕ್ಕೆ ನಮ್ಮ ಹತ್ತಿರ ಲೆಕ್ಕವೇ ಇಲ್ಲ.

ಇದು ಬರೀ ಹಳೇ ಕಥೆ ಅಂದ್ಕೋಬೇಡಿ. ನಮ್ಮ ಮಂಡ್ಯ ಕಡೆ ಕಬಡ್ಡಿ, ವಾಲಿಬಾಲ್ ಜಾಸ್ತಿ, ಫುಟ್‌ಬಾಲ್ ಕಡಿಮೆ. ಹಾಗಿದ್ದೂ ಶಾಲೆಯಿಂದ ತಾಲೂಕಿಗೆ, ತಾಲೂಕಿನಿಂದ ಜಿಲ್ಲೆಗೆ ಅಂತ ಮಕ್ಕಳು ಆಡೋಕೆ ಹೋಗ್ತಾರೆ. ಆಯ್ಕೆಗೆ ಕೂತವರ ಕೈಯಲ್ಲಿ ಯಾವ ಕಾಲಂ ಇದೆ? ಗೋಲು ಎಷ್ಟು ಅಂತ ಮಾತ್ರ ಇದ್ರೆ, ಹಿಂದೆ ನಿಂತು ತಡೆಯೋ ಹುಡುಗ, ಹುಡುಗಿ ಮನೆಗೆ ವಾಪಸ್. ಅವರಿಗೆ ದೊಡ್ಡ ಕಂಪ್ಯೂಟರ್ ಬೇಕಾಗಿಲ್ಲ. ರೀಪ್ ಥರ ಒಂದು ಪೆನ್ಸಿಲ್ಲು, ಒಂದು ಪುಸ್ತಕ ಸಾಕು. ಪಿ.ಟಿ. ಮೇಷ್ಟ್ರು ಪ್ರತಿ ಪಂದ್ಯಕ್ಕೂ ನಾಲ್ಕು ಕಾಲಂ ಎಳೆಯಲಿ: ಯಾರ ಎದುರು, ಯಾವ ಮೈದಾನ, ಈ ಮಗುವಿಗೆ ಕೊಟ್ಟ ಕೆಲಸ ಏನು, ಆ ಕೆಲಸ ಎಷ್ಟು ಸಲ ಮಾಡಿತು. ಆಮೇಲೆ ಬೇಕಾದರೆ ಹತ್ತಕ್ಕೆ ಎಷ್ಟು ಅಂತ ಬರೆಯಲಿ.

ಗೆಜ್ಜಲಗೆರೆ ಡೇರಿಗೆ ಹೋಗೋ ಒಂದು ಲೀಟರ್ ಹಾಲಿಗೆ ಎರಡು ಪರೀಕ್ಷೆ ಮಾಡದೆ ಬೆಲೆ ಕಟ್ಟಲ್ಲ. ಒಂದು ಮಗುವಿನ ಆಟಕ್ಕೆ ಮಾತ್ರ ಒಂದೇ ಸಂಖ್ಯೆ ನೋಡಿ ಬೆಲೆ ಕಟ್ಟೋದು ಯಾವ ನ್ಯಾಯ?